ಎಡಗಡೆ ಸೀಟು

ವಸ್ತುಗಳನ್ನು ಜೋಪಾನ ಮಾಡುವುದರಲ್ಲೇ ಜನ್ಮ ಸವೆಸುವವರನ್ನು ನೀವೂ ನೋಡಿರುತ್ತೀರಿ. ಟಿ.ವಿ. ರಿಮೋಟಿಗೆ ಪ್ಲಾಸ್ಟಿಕ್ ಹೊದಿಸುವವರು, ಹೊಸ ಸೋಫಾದ ಮೇಲೆ ಹಳೇ ಬೆಡ್‌ಶೀಟು ಹಾಸಿ ಅದರ ಮೇಲೂ ಯಾರನ್ನೂ ಸರಿಯಾಗಿ ಕೂಡಲು ಬಿಡದವರು, ನೆಂಟರ ಕೈಗೆ ಗಾಜಿನ ಲೋಟ ಕೊಟ್ಟು ಅವರು ಕೆಳಗಿಡುವ ತನಕ ಜೀವ ಕೈಯಲ್ಲಿ ಹಿಡಿದು ಕೂತವರು. ರಮಾಕಾಂತ ಆ ಪೈಕಿ. ಧಾರವಾಡದವನು, ಬ್ಯಾಂಕಿನ ಅಧಿಕಾರಿ, ಮೂವತ್ನಾಲ್ಕು ವರ್ಷದಲ್ಲಿ ಒಂಬತ್ತು ಊರಿನ ನೀರು ಕುಡಿದವನು. ವರ್ಗವಾಗುವ ನೌಕರಿಯವರಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಕೊಂಡ ವಸ್ತುವನ್ನು ಕೊಂಡ ದಿನದಿಂದಲೇ ಮಾರುವವನ ಕಣ್ಣಿನಿಂದ ನೋಡುವುದು. ಫ್ರಿಜ್ಜು ಬಂದ ಡಬ್ಬಿ, ಮಿಕ್ಸರಿನ ಥರ್ಮೋಕೋಲು, ಎಲ್ಲ ಅಟ್ಟದ ಮೇಲೆ ಹಾಗೇ ಇರುತ್ತವೆ. ಊರು ಬಿಡುವಾಗ ಬೇಕಾಗುತ್ತದೆ ಎಂದು.

ವಿಜಯವಾಡದಲ್ಲಿದ್ದಾಗ, ಎರಡು ಸಾವಿರದ ಹದಿನೇಳರಲ್ಲಿ, ಅವನು ಕಾರು ಕೊಂಡ. ಕಂಪನಿಯವರು ಸೀಟಿಗೆ ಹಾಕಿ ಕಳಿಸಿದ ಪ್ಲಾಸ್ಟಿಕ್ಕನ್ನು ತೆಗೆಯಲಿಲ್ಲ. ಅದರ ಮೇಲೆ ಬಟ್ಟೆಯ ಕವರು ಹೊಲಿಸಿದ. ಅದರ ಮೇಲೆ ಟವೆಲು. ಏಳು ವರ್ಷ ಆ ಮೂರು ಪದರದ ಮೇಲೆ, ಎಡಗಡೆಯ ಮುಂದಿನ ಸೀಟಿನಲ್ಲಿ ಕೂತು ತಿರುಗಿದವಳು ಅವನ ಹೆಂಡತಿ ಸುಮಿತ್ರಾ. ಕಾರಿನಲ್ಲಿ ತಿನ್ನುವ ಹಾಗಿಲ್ಲ. ಮಲ್ಲಿಗೆ ಮುಡಿದು ಹತ್ತುವ ಹಾಗಿಲ್ಲ, ಎಸಳು ಉದುರುತ್ತದೆ. ವಿಶಾಖಪಟ್ಟಣಕ್ಕೆ ವರ್ಗವಾದ ಮೇಲೆ ಸಮುದ್ರಕ್ಕೆ ಹೋದರಂತೂ ದೊಡ್ಡ ವ್ರತ. ಸುಮಿತ್ರಾ ಬಾಗಿಲು ತೆಗೆದು, ಕಾಲು ಹೊರಗೆ ಬಿಟ್ಟು ಕೂತು, ಬಾಟಲಿಯ ನೀರಿನಲ್ಲಿ ಎರಡೂ ಪಾದ ತೊಳೆದು, ಒರೆಸಿ, ಅವನು ಬಗ್ಗಿ ನೋಡಿ ಸರಿ ಎಂದ ಮೇಲೆ ಕಾಲು ಒಳಗಿಡಬೇಕು.

"ನಿಮ್ಮ ಕಾರಿನ ಮಡಿ ಭಾಳ ಜೋರದ ರೀ," ಎಂದು ಆಕೆ ನಗುತ್ತಿದ್ದಳು. "ನಮ್ಮ ಅತ್ತಿನೂ ಇಷ್ಟು ಮಡಿ ಮಾಡ್ತಿದ್ದಿಲ್ಲ."

ಆಕೆ ನಕ್ಕದ್ದು ನಿಜ. ನಗುವವರಿಗೆ ನೋವಾಗುವುದಿಲ್ಲ ಎಂದು ಅವನು ತಿಳಿದದ್ದು ಅವನ ದಡ್ಡತನ.

ಸುಮಿತ್ರಾ ತೀರಿಕೊಂಡು ವರ್ಷದ ಮೇಲೆ ಒಂದು ತಿಂಗಳಾಗಿತ್ತು. ಹೋದದ್ದು ಹಿಂದಿನ ವರ್ಷ ಸೆಪ್ಟೆಂಬರ್ ಒಂದರ ಭಾನುವಾರ, ಹೃದಯಾಘಾತದಿಂದ. ಅದೇ ದಿನ ಬುಡಮೇರು ಹೊಳೆ ಉಕ್ಕಿ ವಿಜಯವಾಡದೊಳಗೆ ನೀರು ನುಗ್ಗಿತ್ತು. ಅವರ ಒಬ್ಬಳೇ ಮಗಳು ಗಗನಾ ಆ ಊರಿನಲ್ಲೇ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಕೆಲಸಕ್ಕಿದ್ದಳು. ರೈಲು ನಿಂತಿದ್ದವು, ರಸ್ತೆಯ ಮೇಲೆ ನೀರು ನಿಂತಿತ್ತು. ಹುಡುಗಿ ಹೇಗೋ ಒದ್ದಾಡಿ ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ಮನೆ ಮುಟ್ಟಿದ್ದು ಗುರುವಾರ. ಅಷ್ಟರಲ್ಲಿ ಎಲ್ಲ ಮುಗಿದು, ಮೂಲೆಯಲ್ಲಿ ದೀಪ ಹಚ್ಚಿಟ್ಟಿದ್ದರು. ತಾಯಿಯ ಮುಖ ಅವಳಿಗೆ ಸಿಗಲಿಲ್ಲ.

ಆ ಭಾನುವಾರವೇ ಫೋನಿನಲ್ಲಿ ಅಳುತ್ತ ಗಗನಾ ಒಂದು ಮಾತು ಕೇಳಿದ್ದಳು. ಪಕ್ಕದ ಮನೆಯ ಉಷಶ್ರೀ ಆಂಟಿ, ತಾಯಿಯನ್ನು ಆಸ್ಪತ್ರೆಗೆ ಆಟೋದಲ್ಲಿ ಒಯ್ದ ವಿಷಯ ಅವಳಿಗೆ ಹೇಳಿಬಿಟ್ಟಿದ್ದರು.

"ಆಟೋದಾಗ ಯಾಕ ಕರಕೊಂಡು ಹೋದಿ ಅಪ್ಪಾ? ಕಾರಿಗೆ ಏನಾಗಿತ್ತು?"

"ಕಾರು ಸರ್ವಿಸಿಗೆ ಬಿಟ್ಟಿದ್ದೆನವಾ," ಎಂದುಬಿಟ್ಟಿದ್ದ ರಮಾಕಾಂತ.

ಸುಳ್ಳು. ಕಾರು ಅಪಾರ್ಟ್‌ಮೆಂಟಿನ ಕೆಳಗೇ ನಿಂತಿತ್ತು. ಸುಳ್ಳು ಹೇಳಬೇಕೆಂದು ಅವನು ಯೋಚಿಸಿ ಹೇಳಿದ್ದಲ್ಲ. ಹೆಂಡತಿಯ ಕೈ ಇನ್ನೂ ತಣ್ಣಗಾಗಿರದ ಹೊತ್ತು, ಬಾಯಿಗೆ ಬಂತು, ಹೇಳಿದ. ಗಗನಾ ನಂಬಿದಳು. ಹಣೆಬರಹ ಎಂದು ಅತ್ತಳು. ನಂಬಿದ್ದರಿಂದಲೇ ತಿಂಗಳಿಗೊಮ್ಮೆ ರೈಲು ಹತ್ತಿ ಬಂದು, ಅಪ್ಪನಿಗೆ ಚಟ್ನಿಪುಡಿ ಮಾಡಿಟ್ಟು, ಅಂಗಿಗೆ ಗುಂಡಿ ಹಚ್ಚಿಕೊಟ್ಟು ಹೋಗುತ್ತಿದ್ದಳು. ಈ ಭೂಮಿಯ ಮೇಲೆ ಅವನಿಗೆ ಉಳಿದವಳು ಅವಳೊಬ್ಬಳು. ನಿಜ ಗೊತ್ತಾದ ದಿನ ಅವಳೂ ಹೋಗುತ್ತಾಳೆ ಎಂಬ ಹೆದರಿಕೆ ಅವನ ಹೊಟ್ಟೆಯೊಳಗೆ ಒಂದು ವರ್ಷದಿಂದ ಕೂತಿತ್ತು. ಗಗನಾ ನಕ್ಕರೂ ಹೆದರಿಕೆ, ಸುಮ್ಮನಿದ್ದರೂ ಹೆದರಿಕೆ.

ಡಿಸೆಂಬರಿಗೆ ಅವನ ನಿವೃತ್ತಿ. ಧಾರವಾಡಕ್ಕೆ ಹೋಗುವ ಮೊದಲು ಕಾರು ಮಾರಬೇಕೆಂದ. ಆ ಕಾರಿನ ಮುಖ ನೋಡುವುದೇ ಅವನಿಗೆ ಬೇಡವಾಗಿತ್ತು. ಆದರೆ ಮಗಳ ಮುಂದೆ ಹಾಗೆ ಹೇಳಲಾಗುತ್ತದೆಯೇ? ಅಷ್ಟು ದೂರ ಕಾರು ಸಾಗಿಸುವುದು ಯಾರಿಗೆ ಬೇಕು ಎಂದ. ಗಗನಾ ತಾನೇ ಗಿರಾಕಿ ಹುಡುಕಿದಳು. ಅವಳ ಹತ್ತಿರ ಮಂಡಿ ನೋವಿಗೆ ವ್ಯಾಯಾಮಕ್ಕೆ ಬರುತ್ತಿದ್ದ ಹೈಮಾವತಿ ಎಂಬ ಹೆಂಗಸು, ಆಕೆಯ ಗಂಡ ಸೂರ್ಯಪ್ರಕಾಶ. ಸೂರ್ಯಪ್ರಕಾಶರು ಕೊಂಡಪಲ್ಲಿ ಕಡೆಯ ವಿದ್ಯುತ್ ಸ್ಥಾವರದಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು, ತೆಲುಗಿನವರು. ಹೈಮಾವತಿ ಬಳ್ಳಾರಿಯ ಹೆಣ್ಣು. ನಲವತ್ತು ವರ್ಷ ವಿಜಯವಾಡದಲ್ಲಿ ಸಂಸಾರ ಮಾಡಿ ಕನ್ನಡದ ಬಾಲಕ್ಕೆ, ನಮ್ಮ 'ರೀ' ಇದ್ದ ಹಾಗೆ, ತೆಲುಗಿನ 'ಅಂಡಿ' ಸೇರಿಸಿ ಮಾತಾಡುವುದು ರೂಢಿಯಾಗಿತ್ತು. ಸಿಂಗ್‌ನಗರದ ಅವರ ಮನೆಗೆ ಹಿಂದಿನ ವರ್ಷ ಎದೆಯ ಮಟ್ಟ ನೀರು ಬಂದು, ಇದ್ದ ಕಾರು ಮೂರು ದಿನ ಮುಳುಗಿ ಕೂತಿತ್ತು. ಆಮೇಲೆ ಅದು ಗುಜರಿಗೆ ಹೋಯಿತು. ಮಂಡಿ ನೋವಿನ ಹೆಂಗಸು ಬಸ್ಸು ಹತ್ತಲಾರಳು, ಒಂದು ಒಳ್ಳೆಯ ಹಳೇ ಕಾರು ಬೇಕಾಗಿತ್ತು.

"ನಮ್ಮ ಅಪ್ಪನ ಕಾರು ನೋಡ್ರಿ ಆಂಟಿ," ಎಂದಿದ್ದಳು ಗಗನಾ. "ಅಪ್ಪ ಅದನ್ನ ಕೂಸಿನ ಹಂಗ ಇಟ್ಟಾನ. ಕಣ್ಣು ಮುಚ್ಚಿ ತಗೋರಿ."

ಶನಿವಾರ ಬೆಳಗಿನ ರೈಲಿಗೆ ಮೂವರೂ ಬರುವುದೆಂದಾಯಿತು. ಶುಕ್ರವಾರ ರಮಾಕಾಂತ ಬ್ಯಾಂಕಿಗೆ ಅರ್ಧ ದಿನ ರಜೆ ಹಾಕಿ ಕಾರು ತೊಳೆದ. ಟವೆಲು ತೆಗೆದ, ಬಟ್ಟೆಯ ಕವರು ಬಿಚ್ಚಿದ, ಎಂಟು ವರ್ಷದ ಪ್ಲಾಸ್ಟಿಕ್ಕನ್ನು ಬ್ಲೇಡಿನಿಂದ ಹುಷಾರಾಗಿ ಕುಯ್ದು ತೆಗೆದ. ಒಳಗಿನಿಂದ ಹೊಚ್ಚ ಹೊಸ ಸೀಟು ಬಂತು. ಆ ಬೂದುಬಣ್ಣದ ಸೀಟನ್ನು ಅವನೇ ಮೊದಲ ಸಲ ನೋಡುತ್ತಿದ್ದ. ಕೈಯಾಡಿಸಿ ನೋಡಿದ. ಮೆತ್ತಗಿತ್ತು. ಸುಮಿತ್ರಾ ಒಂದು ದಿನವೂ ಇದರ ಮೇಲೆ ಕೂಡಲಿಲ್ಲವಲ್ಲ ಎಂದು ಒಂದು ಕ್ಷಣ ಅನಿಸಿತು. ಅನಿಸಿದ್ದನ್ನು ಅಲ್ಲೇ ಬಿಟ್ಟು, ತೆಗೆದ ಕವರುಗಳನ್ನೆಲ್ಲ ಮುದ್ದೆ ಮಾಡಿ ಮರುದಿನ ಬೆಳಗಿನ ಕಸದ ಗಾಡಿಗೆ ಹಾಕಿದ.

ಶನಿವಾರ ಹತ್ತು ಗಂಟೆಗೆ ಮೂವರೂ ಬಂದರು. ಗಗನಾ ಚಪ್ಪಲಿ ಬಿಡುವ ಮೊದಲೇ ಕಾರಿನ ಹತ್ತಿರ ಹೋಗಿ ಒಳಗೆ ಇಣುಕಿದಳು.

"ಅಮ್ಮನ ಸೀಟಿನ ಕವರು ಎಲ್ಲಿ ಅಪ್ಪಾ?"

"ಹಳೇದಾಗಿತ್ತು. ಕಸಕ್ಕ ಹಾಕಿದೆ."

ಗಗನಾ ಕಿಟಕಿಯಿಂದ ಇನ್ನೊಮ್ಮೆ ಸೀಟು ನೋಡಿದಳು. ಆಮೇಲೆ ಮೆಲ್ಲಗೆ, "ತಲಿ ಇಡೋ ಕಡೆ ಅಕಿ ಎಣ್ಣಿ ಕಲೆ ಇತ್ತು. ನಾ ತಗೊಂಡು ಹೋಗಬೇಕಂತ ಮಾಡಿದ್ದೆ," ಎಂದಳು.  ಒಂದು ದಿನ ಮೊದಲು ಹೇಳಬಾರದಿತ್ತೇನವಾ ಎನ್ನಬೇಕೆಂದುಕೊಂಡ ರಮಾಕಾಂತ. ಹೇಳಲು ಅವಳಿಗೆ ಹೇಗೆ ಗೊತ್ತಿರಬೇಕು, ಯಾವನಾದರೂ ಹೀಗೆ ಮಾಡುತ್ತಾನೆಂದು?

ಚಹಾ ಕುಡಿದು ಎಲ್ಲರೂ ಕೆಳಗಿಳಿದರು. ಸೂರ್ಯಪ್ರಕಾಶರು ಎಂಜಿನ್ನಿನ ಕಡೆ ಹೋಗುತ್ತಾರೆಂದು ರಮಾಕಾಂತ ಕಾದ. ಅವರು ಬಾನೆಟ್ಟು ತೆಗೆಯಲೇ ಇಲ್ಲ.

"ಇಂಜನ್ ಆಮೇಲೆ ನೋಡಬಹುದು," ಎಂದರು ತಮ್ಮ ತೆಲುಗು ಬೆರೆತ ಕನ್ನಡದಲ್ಲಿ. "ಒಳಗೆ ನೋಡೋದು ಹೈಮಾ. ಅವಳ ಮೂಗು ನನ್ನ ಡಿಗ್ರಿಗಿಂತ ದೊಡ್ಡದು."

ಹೈಮಾವತಿಯ ತಪಾಸಣೆ ನೋಡುವ ಹಾಗಿತ್ತು. ಮೊದಲು ನಾಲ್ಕೂ ಬಾಗಿಲು ಮುಚ್ಚಿಸಿ ಐದು ನಿಮಿಷ ಬಿಸಿಲಿನಲ್ಲಿ ಹಾಗೇ ಬಿಡಿಸಿದಳು. ಆಮೇಲೆ ಫಕ್ಕನೆ ಒಂದು ಬಾಗಿಲು ತೆಗೆದು ತಲೆ ಒಳಗೆ ಹಾಕಿ ಉಸಿರು ಎಳೆದುಕೊಂಡಳು. ಸೀಟಿನ ಬೆಲ್ಟನ್ನು ಪೂರ್ತಿ ಹೊರಗೆಳೆದು, ಒಳಗೇ ಉಳಿಯುವ ಭಾಗವನ್ನು ಬೆಳಕಿಗೆ ಹಿಡಿದಳು. ಅಲ್ಲಿ ಕೆಸರಿನ ಗೆರೆ ಕೂತರೆ ಯಾವ ಸೋಪಿಗೂ ಹೋಗುವುದಿಲ್ಲವಂತೆ. ಮ್ಯಾಟು ಎತ್ತಿ ಕೆಳಗಿನ ಹಾಸನ್ನು ಬೆರಳಿನಿಂದ ಒತ್ತಿ, ಆ ಬೆರಳನ್ನು ಮೂಸಿದಳು. ಸೀಟು ಹಿಂದೆ ಮುಂದೆ ಸರಿಯುವ ಕಬ್ಬಿಣದ ಹಳಿಗೆ ಬ್ಯಾಟರಿ ಬಿಟ್ಟು ತುಕ್ಕು ಹುಡುಕಿದಳು. ಹಳಿಯ ತೂತಿನೊಳಗೆ ಹೇರ್‌ಪಿನ್ನು ಹಾಕಿ ಕೆರೆದು ಮಣ್ಣು ಬರುತ್ತದೆಯೇ ನೋಡಿದಳು. ಕಡೆಗೆ ಎಡಗಡೆಯ ಮುಂದಿನ ಸೀಟಿನಲ್ಲಿ ಕೂತು, ನೋಯುವ ಮಂಡಿಯನ್ನು ಕೈಯಿಂದ ಎತ್ತಿ ಒಳಗಿಟ್ಟುಕೊಂಡು, ಬೆನ್ನು ಆನಿಸಿದಳು.

"ಸೀಟು ಹಿತವಾಗೈತಂಡಿ," ಎಂದಳು. "ನನ್ನ ಮಂಡಿಗೆ ಇಷ್ಟೇ ಎತ್ತರ ಬೇಕಿತ್ತು."

ಆ ಸೀಟಿನಲ್ಲಿ ಇನ್ನೊಬ್ಬ ಹೆಂಗಸು ಕೂತದ್ದನ್ನು ಕಂಡು ರಮಾಕಾಂತ ಮುಖ ಬೇರೆ ಕಡೆ ತಿರುಗಿಸಿದ. ವ್ಯಾಪಾರ ಬೇಗ ಮುಗಿದು ಇವರು ಹೋದರೆ ಸಾಕಾಗಿತ್ತು.

ಆದರೆ ಹೈಮಾವತಿ ಏಳಲಿಲ್ಲ. ಬಾಗಿಲಿನ ಹಿಡಿಕೆ, ಸೀಟಿನ ಹೊಲಿಗೆ, ತಲೆಯ ಮೇಲಿನ ಬಟ್ಟೆ, ಎಲ್ಲದರ ಮೇಲೂ ಇನ್ನೊಂದು ಸಲ ಕೈಯಾಡಿಸಿದಳು. ಹುಬ್ಬು ಗಂಟಿಕ್ಕಿತು.

"ಏನೂ ಅನ್ಕೋಬ್ಯಾಡ್ರಿ ಅಣ್ಣ," ಎಂದಳು ರಮಾಕಾಂತನಿಗೆ. "ಇದು ಎಂಟು ವರ್ಷದ ಕಾರು ಅಂತೀರಿ. ಮನಿಯಾಗ ಹೆಂಡ್ತಿ ಇದ್ರು, ಮಗಳು ಇದ್ಲು. ಒಂದು ಕಲೆ ಇಲ್ಲ, ಒಂದು ಗೀರಿಲ್ಲ, ಸೀಟಿನ ಸಂದಿನಾಗ ಒಂದು ಕಡ್ಲಿ ಸಿಪ್ಪಿ ಇಲ್ಲ. ಸಂಸಾರ ಕೂತ ಕಾರು ಇದು ಅಂತ ಹೆಂಗ ನಂಬಾದು?"

"ನಾನು ಜ್ವಾಕಿ ಮಾಡೀನ್ರಿ," ಎಂದ ರಮಾಕಾಂತ.

ಸೂರ್ಯಪ್ರಕಾಶರು ನಂಬರ್ ಪ್ಲೇಟಿನ ಕಡೆ ಕೈ ತೋರಿಸಿದರು. "ಎಪಿ ಹದಿನಾರು, ನಮ್ಮ ವಿಜಯವಾಡ ಗಾಡಿ. ನೀರು ಬಂದ ಮೇಲೆ ನಮ್ಮ ಊರಲ್ಲಿ ಮುಳುಗಿದ ಕಾರು ನೂರಾರು. ದಲ್ಲಾಳಿಗಳು ತಗೊಂಡು ಹೋಗಿ, ಸೀಟು ಬೆಲ್ಟು ಎಲ್ಲ ಹೊಸದು ಹಾಕಿ, ದೂರದ ಊರಲ್ಲಿ ಮಾರ್ತಾರೆ. ಒಂದು ಸಲ ಮುಳುಗಿದ್ದೇವೆ ಸಾರ್. ಎರಡನೇ ಸಲ ಆಗಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ರಮಾಕಾಂತ ಕದ್ದದ್ದು ಕುಂಬಳಕಾಯಿಯಲ್ಲ, ಬೇರೆಯದು, ಆದರೂ ಕೈ ಹೆಗಲಿಗೆ ಹೋಯಿತು. ಕರ್ಚೀಪು ತೆಗೆದು ಕತ್ತು ಒರೆಸಿಕೊಂಡ. ಆ ಒರೆಸಿಕೊಂಡದ್ದನ್ನು ಗಂಡ ಹೆಂಡತಿ ಇಬ್ಬರೂ ನೋಡಿದರು.

ಗಗನಾಗೆ ಸಿಟ್ಟು ಬಂತು. ಅಪ್ಪನ ಮೇಲಿನ ಅಭಿಮಾನದ ಸಿಟ್ಟು.

"ಇಲ್ಲ ಅಂಕಲ್," ಎಂದಳು. "ಅಪ್ಪಗ ಇಲ್ಲಿಗೆ ವರ್ಗ ಆಗಿ ನಾಕು ವರ್ಷಾತು. ನೀರು ಬಂದ ವಾರ ಈ ಕಾರು ಇದೇ ಊರಾಗಿತ್ತು. ಸರ್ವಿಸಿಗೆ ಬಿಟ್ಟಿದ್ರು. ಅದಕ್ಕ ಅಲ್ಲೇನು ನಮ್ಮ ಅಮ್ಮನ್ನ ಆಟೋದಾಗ ಕರಕೊಂಡು ಹೋಗಬೇಕಾತು..." ಮಾತು ಅಲ್ಲಿಗೇ ಬಿಟ್ಟು ಕಾರಿನ ಕಡೆ ತಿರುಗಿದಳು. "ಬಿಲ್ಲು ಇರ್ತದ. ತೋರಿಸ್ತೀನಿ. ಅಪ್ಪ ಒಂದು ಚೀಟಿನೂ ಒಗೆಯೋ ಮನುಷ್ಯ ಅಲ್ಲ."

ಸೂರ್ಯಪ್ರಕಾಶರ ಮುಖ ಅರಳಿತು. "ಅದೊಂದು ಬಿಲ್ಲು ಸಾಕಮ್ಮಾ. ಆ ವಾರ ಗಾಡಿ ವಿಶಾಖಪಟ್ಟಣದ ಗ್ಯಾರೇಜಲ್ಲಿ ಇತ್ತು ಅಂತಾದರೆ ಮತ್ತೆ ನಾವೇನೂ ಕೇಳಲ್ಲ."

ತಾನೊಂದು ಬಗೆದರೆ ದೈವವೊಂದು ಬಗೆಯುತ್ತದೆ ಎನ್ನುವುದು ಇದಕ್ಕೇ. ಅಪ್ಪನ ಮಾನ ಕಾಯಲೆಂದೇ ಹುಡುಗಿ ಹೊರಟದ್ದು. ಗ್ಲೋವ್ ಬಾಕ್ಸಿನಲ್ಲಿದ್ದ ಹಸಿರು ಫೈಲನ್ನು ಹೈಮಾವತಿ ಕೂತಲ್ಲಿಂದಲೇ ತೆಗೆದು ಕೊಟ್ಟಳು. ಗಗನಾ ಅದನ್ನು ಬಾನೆಟ್ಟಿನ ಮೇಲೆ ಹರವಿದಳು. ವಿಮೆ, ಹೊಗೆ ತಪಾಸಣೆಯ ಚೀಟಿ, ಟೈರಿಗೆ ಪಂಕ್ಚರು ಹಾಕಿಸಿದ ಚೀಟಿ, ತಾರೀಖಿನ ಪ್ರಕಾರ ಒಂದರ ಹಿಂದೆ ಒಂದು, ಬ್ಯಾಂಕಿನವನ ಕೈಯಿಂದ ತೂತು ಹೊಡೆದು ಪೋಣಿಸಿದ್ದು. ಅವಳು ಒಂದೊಂದೇ ಹಾಳೆ ತಿರುವಿದಳು. ರಮಾಕಾಂತ ಅವಳ ಬೆರಳುಗಳನ್ನೇ ನೋಡುತ್ತಿದ್ದ. ಆ ಬೆರಳು ತಾಯಿಯವೇ. ಓಡಿಹೋಗಬೇಕೆನಿಸಿತು. ಎಲ್ಲಿಗೆ?

"ಜುಲೈ ಇಪ್ಪತ್ತು," ಎಂದಳು ಗಗನಾ. ತಿರುವಿದಳು. "ಜನವರಿ ಹನ್ನೊಂದು." ಹಿಂದಕ್ಕೆ ತಿರುವಿದಳು. "ನಡುವೆ ಏನೂ ಇಲ್ಲಲ್ಲ. ಅಪ್ಪಾ, ಸೆಪ್ಟೆಂಬರಿಂದು ಎಲ್ಲಿ?"

"ಎಲ್ಲೋ ಹೋಗಿರಬೇಕು ಬಿಡು. ಆ ದಿನದಾಗ ಯಾರ ತಲಿ ನೆಟ್ಟಗಿತ್ತು."

"ಹೌದಲ್ಲ," ಎಂದಳು ಗಗನಾ, ಅಪ್ಪನ ಮೇಲೆ ಕನಿಕರಪಟ್ಟು. "ತಡಿ. ಅವರ ಹತ್ರ ಕಂಪ್ಯೂಟರಿನಾಗ ಇರ್ತದ. ನಂಬರು ಇಲ್ಲೇ ಅದ."

"ಬ್ಯಾಡವಾ. ಶನಿವಾರ, ಗದ್ದಲ ಇರ್ತದ, ಯಾರೂ ಫೋನ್ ಎತ್ತೂದಿಲ್ಲ."

ಎತ್ತಿದರು. ಗಗನಾ ತೆಲುಗಿನಲ್ಲಿ ಗಾಡಿಯ ನಂಬರು ಹೇಳಿ, ಹಿಂದಿನ ವರ್ಷದ ಸೆಪ್ಟೆಂಬರ್ ಮೊದಲ ವಾರದ ಬಿಲ್ಲಿನ ನಕಲು ಬೇಕೆಂದು ಕೇಳಿದಳು. ಆ ಕಡೆಯ ಹುಡುಗಿ ಒಂದು ನಿಮಿಷ ಎಂದಳು. ಆ ಒಂದು ನಿಮಿಷ ರಮಾಕಾಂತ ತನ್ನ ಮಗಳ ಮುಖವನ್ನು ಕಣ್ಣು ತುಂಬ ನೋಡಿದ. ಹೀಗೆ, ತನ್ನನ್ನು ನಂಬಿದ ಮುಖ, ಇನ್ನು ಮೇಲೆ ಸಿಗುವುದಿಲ್ಲ ಎಂದು ಅವನಿಗೆ ಗೊತ್ತಾಗಿಬಿಟ್ಟಿತ್ತು.

"ಇಲ್ವಾ?" ಎಂದಳು ಗಗನಾ ಫೋನಿಗೆ. "ಇನ್ನೊಮ್ಮೆ ನೋಡ್ತೀರಾ, ಪ್ಲೀಸ್... ಆಗಸ್ಟ್ ಕೊನೆಗೂ ಇಲ್ವಾ? ಸರಿ. ಥ್ಯಾಂಕ್ಸ್ ಅಂಡಿ."

ಫೋನು ಕೆಳಗಿಳಿಸಿದಳು.

ಸೂರ್ಯಪ್ರಕಾಶರು ಗಂಟಲು ಸರಿಪಡಿಸಿಕೊಂಡರು. ಮರ್ಯಾದಸ್ಥರು, ಮಾತು ಬೆಳೆಸುವವರಲ್ಲ. "ಪರವಾಗಿಲ್ಲಮ್ಮಾ. ನಾವು ಯೋಚನೆ ಮಾಡಿ ಫೋನ್ ಮಾಡ್ತೀವಿ. ಹೈಮಾ, ಪದ, ಹೋಗೋಣ."

ಇಲ್ಲಿಗೆ ಬಿಟ್ಟಿದ್ದರೆ ಗಿರಾಕಿ ಹೋಗುತ್ತಿದ್ದರು, ಕಾರು ಉಳಿಯುತ್ತಿತ್ತು, ಸುಳ್ಳೂ ಉಳಿಯುತ್ತಿತ್ತು. ರಮಾಕಾಂತನಿಗೂ ಅದು ಹೊಳೆಯದೆ ಇರಲಿಲ್ಲ. ಆದರೆ ಗಗನಾ ಅವನ ಕಡೆ ತಿರುಗಿದ್ದಳು. ಅವಳ ಕಣ್ಣಿನಲ್ಲಿ ಇದ್ದದ್ದು ಬೇರೆಯೇ ಅನುಮಾನ.

"ಅಪ್ಪಾ, ಕಾರು ಆ ವಾರ ವಿಜಯವಾಡದಾಗ ಇತ್ತೇನು? ಯಾರಿಗರೆ ಕೊಟ್ಟಿದ್ದೇನು? ನೀರಾಗ ಸಿಕ್ಕಿತ್ತೇನು?" ಅವಳ ದನಿ ಸಣ್ಣದಾಯಿತು. "ಮುಳುಗಿದ ಕಾರು ನನ್ನ ಕೈಲೆ ಇವರಿಗೆ ಕೊಡಿಸ್ಲಿಕ್ಕತ್ತಿದ್ದೇನು? ಇವರು ಎಷ್ಟು ಕಳಕೊಂಡಾರ ಗೊತ್ತದೇನು ನಿನಗ?"

ತನ್ನ ಬಗ್ಗೆ ಮಗಳು ಅಂಥದ್ದನ್ನೂ ಯೋಚಿಸಬಹುದು ಎಂದು ಅವನು ಅಂದುಕೊಂಡಿರಲಿಲ್ಲ. ಮೂವತ್ನಾಲ್ಕು ವರ್ಷ ಒಬ್ಬರ ಒಂದು ಪೈಸೆ ಮುಟ್ಟಿದವನಲ್ಲ. ಮೋಸಗಾರ ಎನಿಸಿಕೊಳ್ಳುವುದು, ಇಲ್ಲ ನಿಜ ಹೇಳುವುದು. 

"ಇಲ್ಲವಾ," ಎಂದ. "ಕಾರು ಎಲ್ಲಿಗೂ ಹೋಗಿದ್ದಿಲ್ಲ. ಇಲ್ಲೇ ಇತ್ತು."

"ಇಲ್ಲೇ ಅಂದ್ರ?"

"ಇಲ್ಲೇ. ಇದಽ ಜಾಗಾದಾಗ. ಮ್ಯಾಲೆ ಹೊದಿಕಿ ಹಾಕಿ ನಿಲ್ಲಿಸಿದ್ದೆ."

ಗಗನಾಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮೊದಲು ತಲೆಯಾಡಿಸಿದಳು, ಹಾಗಾದರೆ ಕಾರಿಗೆ ಏನೂ ಆಗಿಲ್ಲ ಎಂಬಂತೆ. ಆಮೇಲೆ ತಲೆಯಾಡಿಸುವುದು ನಿಂತಿತು.

"ಅವತ್ತು?" ಎಂದಳು.

"ಅವತ್ತು."

"ಅಮ್ಮಗ ಎದಿ ನೋವು ಬಂದಾಗ?"

"ಹೂಂ."

"ಕೆಟ್ಟಿತ್ತೇನು? ಸ್ಟಾರ್ಟ್ ಆಗಲಿಲ್ಲೇನು?" ಅವಳು ಇನ್ನೂ ಅಪ್ಪನಿಗೆ ದಾರಿ ಹುಡುಕಿ ಕೊಡುತ್ತಿದ್ದಳು. ಪಾಪ, ಹಡೆದವನಲ್ಲವೇ. ಅವನು ಆ ದಾರಿಯನ್ನೂ ಹಿಡಿಯಬಹುದಾಗಿತ್ತು. ಹಿಡಿಯುವ ಶಕ್ತಿ ಇರಲಿಲ್ಲ.

"ಛಲೋನೇ ಇತ್ತು," ಎಂದ.

ಹಿಂದಿನ ವರ್ಷದ ಆ ಭಾನುವಾರ ಬೆಳಿಗ್ಗೆ ಏಳಕ್ಕೆ ಸುಮಿತ್ರಾ ಎರಡು ಸಲ ವಾಂತಿ ಮಾಡಿಕೊಂಡಳು. ಪಿತ್ತ ಎಂದು ಇಬ್ಬರೂ ಅಂದುಕೊಂಡರು. ಜೀರಿಗೆ ಕಷಾಯ ಕುಡಿದಳು. ಎಂಟೂವರೆಗೆ ಬೆವರು ಕಿತ್ತುಕೊಂಡು ಬಂತು, ಎಡಗೈ ಜೋಮು ಹಿಡಿಯಿತು ಎಂದಳು. ಹೊರಗೆ ಮಳೆ ಹೊಯ್ಯುತ್ತಿತ್ತು. ರಮಾಕಾಂತ ಅಂಗಿ ಹಾಕಿಕೊಂಡು, ಮೊಳೆಗೆ ನೇತು ಹಾಕಿದ್ದ ಕಾರಿನ ಬೀಗದ ಕೈ ತೆಗೆದುಕೊಂಡ. ಇಷ್ಟನ್ನು ಅವನು ಈಗ ತಡೆ ತಡೆದು, ನೆಲ ನೋಡುತ್ತ, ಮಗಳಿಗೆ ಹೇಳಿದ. ಪಕ್ಕದಲ್ಲಿ ಪರಕೀಯರು ಇದ್ದಾರೆಂಬುದೂ ಅವನಿಗೆ ಮರೆತಿತ್ತು.

"ಬೀಗದ ಕೈ ನೋಡಿ ಅಕಿನೇ ಅಂದ್ಲು," ಎಂದ. "ಕಾರು ಬ್ಯಾಡ್ರಿ, ಮತ್ತ ವಾಂತಿ ಆದ್ರ ಒಳಗ ಹೊಲಸಾಗ್ತದ. ನಿಮಗ ಸಂಕಟ ಆಗ್ತದ. ಆಟೋ ಕರೀರಿ ಅಂದ್ಲು. ಅಕಿನೇ ಅಂದ್ಲವಾ. ದೇವರಾಣಿ."

"ಅಮ್ಮ ಅಂದಿರ್ತಾಳ," ಎಂದಳು ಗಗನಾ. "ಅದು ನನಗೂ ಗೊತ್ತು. ಅಕಿ ಹಂಗಽ ಅನ್ನಾಕಿ. ನೀ ಏನಂದಿ?"

ರಮಾಕಾಂತ ಕರ್ಚೀಪನ್ನು ನಾಲ್ಕು ಮಡಿಕೆ ಮಾಡಿದ.

"ಅಪ್ಪಾ, ನೀ ಏನಂದಿ?"

"ಹೂಂ ಅಂದೆ."

 ಬೀಗದ ಕೈಯನ್ನು ಮತ್ತೆ ಮೊಳೆಗೆ ಹಾಕಿದ್ದು, ಕೊಡೆ ಹಿಡಿದು ಆಟೋ ಹುಡುಕಲು ಮೂಲೆಯ ತನಕ ಓಡಿದ್ದು, ಮಳೆಯಲ್ಲಿ ಆಟೋ ಸಿಗಲು ಮೂವತ್ತೈದು ನಿಮಿಷ ಹಿಡಿದದ್ದು, ಸುಮಿತ್ರಾ ಅಷ್ಟು ಹೊತ್ತು ಕೆಳಗೆ ಮೆಟ್ಟಿಲಿನ ಹತ್ತಿರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಹೊದಿಕೆ ಹಾಕಿದ ಕಾರನ್ನೇ ನೋಡುತ್ತಿದ್ದದ್ದು, ಇದನ್ನೆಲ್ಲ ಅವನು ಹೇಳಲಿಲ್ಲ. ಆಸ್ಪತ್ರೆಯ ಡಾಕ್ಟರು ಬೈಯಲಿಲ್ಲ. ಎಷ್ಟು ಹೊತ್ತಾಯಿತು ಶುರುವಾಗಿ ಎಂದಷ್ಟೇ ಕೇಳಿದ್ದರು. ಅವರು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಎಡಗಡೆಯ ಸೀಟಿನಲ್ಲಿ ಕೂತಿದ್ದ ಹೈಮಾವತಿ ಮಂಡಿಯನ್ನು ಎರಡೂ ಕೈಯಿಂದ ಎತ್ತಿ ಹೊರಗಿಟ್ಟು, ಬಾಗಿಲು ಹಿಡಿದುಕೊಂಡು ಎದ್ದಳು. ಕೂತ ಜಾಗವನ್ನು ಸೆರಗಿನಿಂದ ಒಮ್ಮೆ ಸವರಿದಳು.

"ಕಾರಿಗೆ ನೀರು ತಾಗಿಲ್ಲ. ಅದು ನನಗೆ ಮೊದಲೇ ಗೊತ್ತಾಗಿತ್ತು," ಎಂದಳು ಮೆಲ್ಲಗೆ. "ಆದ್ರ ನಮಗೆ ಬ್ಯಾಡ ಅಣ್ಣ. ಈ ಸೀಟಿನಾಗ ನನಗೆ ಕೂಡಾಕ ಆಗಲ್ಲ. ತಪ್ಪು ತಿಳೀಬ್ಯಾಡ್ರಿ."

ಸೂರ್ಯಪ್ರಕಾಶರು ಹಾಳೆಗಳನ್ನು ತಾರೀಖಿನ ಪ್ರಕಾರವೇ ಜೋಡಿಸಿ ಫೈಲು ಮುಚ್ಚಿ ರಮಾಕಾಂತನ ಕೈಗೆ ಕೊಟ್ಟರು.  ಕೈ ಮುಗಿದರು.

ಗಗನಾ ಅಳುತ್ತಾಳೆ, ಬೈಯುತ್ತಾಳೆ, ಕೊರಳಪಟ್ಟಿ ಹಿಡಿದು ಎಳೆದಾಡುತ್ತಾಳೆ ಎಂದು ಅವನು ಕಾದ. ಹಾಗೆ ಮಾಡಿದ್ದರೆ ಅವಳ ಕಾಲ ಮೇಲೆ ಬೀಳಬಹುದಿತ್ತು. ಅವಳು ಕೈಯಲ್ಲಿದ್ದ ಫೋನನ್ನು ನೋಡುತ್ತ ನಿಂತಿದ್ದಳು.

"ಈಗ ಆ ಹುಡುಗಿ ಎಷ್ಟು ಛಂದ ಮಾತಾಡಿದ್ಲು," ಎಂದಳು. "ಎರಡು ಸಲ ಹುಡುಕಿ ನೋಡಿದ್ಲು, ಬ್ಯಾಸರ ಮಾಡ್ಕೊಳ್ಳದ." ಫೋನಿನಿಂದ ಕಣ್ಣೆತ್ತಿ ಹೇಳಿದಳು, "ಒಂದು ವರ್ಷಾತಪ್ಪಾ, ನಾ ಆ ಸರ್ವಿಸಿನವರಿಗೆ ಶಾಪಾ ಹಾಕ್ಲಿಕ್ಕತ್ತು. ದಿನಾ ಸಂಜೀಗೆ, ಅಮ್ಮನ ಫೋಟೋದ ಮುಂದ ದೀಪಾ ಹಚ್ಚಿ. ಒಂದು ದಿನ ಮೊದಲ ಕಾರು ತಿರುಗಿ ಕೊಟ್ಟಿದ್ರ ನಮ್ಮ ಅಮ್ಮ ಉಳೀತಿದ್ಲು, ಅವರ ಮನ್ಯಾಗೂ ಯಾರಿಗರೆ ಹಿಂಗಽ ಆಗ್ಲಿ ಅಂತ."

"ಗಗನಾ," ಎಂದ ರಮಾಕಾಂತ.

ಅವಳು ಮೆಟ್ಟಿಲು ಹತ್ತಿ ಹೋಗಿ ತನ್ನ ಚೀಲ ತಂದಳು. ರಾತ್ರಿಗೆ ಇದ್ದು ನಾಳೆ ಹೋಗುವುದೆಂದು ಬಂದವಳು. ಚೀಲದಿಂದ ಚಟ್ನಿಪುಡಿಯ ಡಬ್ಬಿ ತೆಗೆದು ಮೆಟ್ಟಿಲ ಮೇಲೆ ಇಟ್ಟಳು. ಆಮೇಲೆ ಹೈಮಾವತಿಯ ತೋಳಿಗೆ ಕೈ ಆಸರೆ ಕೊಟ್ಟು, ಆಕೆಯ ಮಂಡಿಯ ನಡಿಗೆಗೆ ತಕ್ಕ ಹಾಗೆ ನಿಧಾನವಾಗಿ ನಡೆಸಿಕೊಂಡು ಗೇಟು ದಾಟಿದಳು. ಮುಂದಿನ ತಿಂಗಳು ಬರುತ್ತೇನೆ ಎನ್ನಲಿಲ್ಲ. ಬರುವುದಿಲ್ಲ ಎಂದೂ ಹೇಳಲಿಲ್ಲ.